ಒಂದೇ ಸ್ವಿಚ್‌ನಲ್ಲಿ ಹಲವು ಜಾಲ: ವಿಲ್ಯಾನ್ ರೂಪಿಸುವ ಕ್ರಮ

ಕಚೇರಿಯ ಕಂಪ್ಯೂಟರುಗಳು, ಅತಿಥಿಗಳ ವೈಫೈ ಮತ್ತು ಸಿಸಿಟಿವಿ ಕ್ಯಾಮೆರಾಗಳು ಒಂದೇ ಮ್ಯಾನೇಜ್ಡ್ ಸ್ವಿಚ್‌ಗೆ (ಸೆಟ್ಟಿಂಗ್‌ಗಳನ್ನು ನಾವೇ ಬದಲಿಸಬಹುದಾದ ಸ್ವಿಚ್) ಜೋಡಣೆಯಾಗಿದ್ದರೂ ಅವನ್ನು ಬೇರೆ ಬೇರೆ ಜಾಲಗಳಂತೆ ನಡೆಸಲು ವಿಲ್ಯಾನ್ (ವರ್ಚುವಲ್ ಲ್ಯಾನ್) ನೆರವಾಗುತ್ತದೆ.

ಮೊದಲು ಯಾವ ಪೋರ್ಟ್‌ನಲ್ಲಿ ಯಾವ ಸಾಧನವಿದೆ, ಅದು ಯಾವ ವಿಲ್ಯಾನ್‌ಗೆ ಸೇರಬೇಕು ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಕಚೇರಿಗೆ 10, ಅತಿಥಿಗಳಿಗೆ 20, ಕ್ಯಾಮೆರಾಗಳಿಗೆ 30 ಎಂದಿಟ್ಟುಕೊಳ್ಳೋಣ. ಐಇಇಇ 802.1ಕ್ಯೂ ಮಾನದಂಡದ ಪ್ರಕಾರ 1ರಿಂದ 4094ರವರೆಗಿನ ಸಂಖ್ಯೆಗಳನ್ನು ಬಳಸಬಹುದಾದರೂ, ಸಾಮಾನ್ಯವಾಗಿ ಆರಂಭದಲ್ಲಿ ಎಲ್ಲ ಪೋರ್ಟ್‌ಗಳೂ 1ರಲ್ಲೇ ಇರುವುದರಿಂದ ಅದನ್ನು ಬಿಟ್ಟುಬಿಡುವುದು ಒಳ್ಳೆಯದು.

ಸ್ವಿಚ್‌ಗೆ ಲಾಗಿನ್ ಆಗಿ ಈ ಮೂರು ವಿಲ್ಯಾನ್‌ಗಳನ್ನು ಸೃಷ್ಟಿಸಿ. ಕಂಪ್ಯೂಟರ್, ಕ್ಯಾಮೆರಾಗಳಿರುವ ಪೋರ್ಟ್‌ಗಳನ್ನು ಆಯಾ ವಿಲ್ಯಾನ್‌ನಲ್ಲಿ ಅನ್‌ಟ್ಯಾಗ್ಡ್ ಎಂದೂ, ರೂಟರ್‌ಗೆ ಹೋಗುವ ಪೋರ್ಟನ್ನು ಮೂರರಲ್ಲೂ ಟ್ಯಾಗ್ಡ್ ಎಂದೂ ಗುರುತಿಸಿ. ಟ್ಯಾಗ್ ಎಂದರೆ ಫ್ರೇಮ್‌ಗೆ (ಜಾಲದಲ್ಲಿ ಸಾಗುವ ದತ್ತಾಂಶದ ತುಣುಕಿಗೆ) ಸೇರಿಸುವ 4 ಬೈಟ್‌ಗಳ ಗುರುತು. ಒಂದೇ ಕೇಬಲ್‌ನಲ್ಲಿ ಹರಿಯುವ ಮೂರು ಜಾಲಗಳನ್ನು ರೂಟರ್ ಬೇರ್ಪಡಿಸುವುದು ಇದರಿಂದಲೇ.

ಹೆಚ್ಚಿನವರು ಎಡವುವುದು ಪಿವಿಐಡಿಯಲ್ಲಿ, ಅಂದರೆ ಪೋರ್ಟ್‌ಗೆ ಕೊಡುವ ವಿಲ್ಯಾನ್ ಸಂಖ್ಯೆಯಲ್ಲಿ. ಅನ್‌ಟ್ಯಾಗ್ಡ್ ಎಂಬ ಗುರುತು ಪೋರ್ಟ್‌ನಿಂದ ಹೊರಹೋಗುವ ಫ್ರೇಮ್‌ಗೆ ಸಂಬಂಧಿಸಿದ್ದು. ಟ್ಯಾಗ್ ಇಲ್ಲದೆ ಒಳಬರುವ ಫ್ರೇಮ್ ಯಾವ ವಿಲ್ಯಾನ್‌ಗೆ ಸೇರಬೇಕೆಂದು ನಿರ್ಧರಿಸುವುದು ಪಿವಿಐಡಿ. ಐದನೆಯ ಪೋರ್ಟನ್ನು 20ರಲ್ಲಿ ಅನ್‌ಟ್ಯಾಗ್ಡ್ ಮಾಡಿ ಪಿವಿಐಡಿಯನ್ನು 1 ಎಂದೇ ಉಳಿಸಿದರೆ, ಅಲ್ಲಿನ ಲ್ಯಾಪ್‌ಟಾಪ್ ಐಪಿ ವಿಳಾಸಕ್ಕಾಗಿ ಕಳುಹಿಸುವ ಕೋರಿಕೆ 1ರೊಳಗೆ ಹೋಗುತ್ತದೆ, 20ರ ವಿಳಾಸ ಸಿಗುವುದೇ ಇಲ್ಲ. ಆಕ್ಸೆಸ್ ಮೋಡ್ (ಪೋರ್ಟನ್ನು ಒಂದೇ ವಿಲ್ಯಾನ್‌ಗೆ ಸೇರಿಸುವ ವಿಧಾನ) ಇರುವ ಸ್ವಿಚ್‌ಗಳಲ್ಲಿ ಎರಡೂ ಒಟ್ಟಿಗೆ ಬದಲಾಗುತ್ತವೆ; ಅನೇಕ ಸಣ್ಣ ಸ್ವಿಚ್‌ಗಳಲ್ಲಿ ಇವು ಬೇರೆ ಬೇರೆ ಪುಟಗಳಲ್ಲಿರುತ್ತವೆ. ಆ ಪೋರ್ಟನ್ನು 1ರ ಸದಸ್ಯತ್ವದಿಂದ ತೆಗೆಯುವುದನ್ನೂ ಮರೆಯಬಾರದು.

ನೀವು ಲಾಗಿನ್ ಆಗಿರುವ ಪೋರ್ಟನ್ನು ಮಾತ್ರ ಕೊನೆಯವರೆಗೂ ಮುಟ್ಟಬೇಡಿ. ಅದು ಸ್ವಿಚ್‌ಗೆ ಲಾಗಿನ್ ಆಗಲು ಬಿಡುವ ನಿರ್ವಹಣಾ ವಿಲ್ಯಾನ್‌ನಿಂದ ಹೊರಬಿದ್ದರೆ ಸಂಪರ್ಕ ಕಡಿದುಹೋಗಿ, ಕನ್ಸೋಲ್ ಕೇಬಲ್ ಅಥವಾ ಫ್ಯಾಕ್ಟರಿ ರೀಸೆಟ್‌ನ ಮೊರೆ ಹೋಗಬೇಕಾಗಬಹುದು.

ಇನ್ನು ರೂಟರ್‌ನಲ್ಲಿ ಪ್ರತಿ ವಿಲ್ಯಾನ್‌ಗೂ ಪ್ರತ್ಯೇಕ ಸಬ್‌ನೆಟ್ (ಐಪಿ ವಿಳಾಸಗಳ ಗುಂಪು) ಮತ್ತು ಡಿಎಚ್‌ಸಿಪಿ (ವಿಳಾಸಗಳನ್ನು ತಾನಾಗಿ ಹಂಚುವ ವ್ಯವಸ್ಥೆ) ಬೇಕು, 20ಕ್ಕೆ 192.168.20.0/24 ಕೊಟ್ಟರೆ ನೆನಪಿಡಲು ಸುಲಭ. ಫೈರ್‌ವಾಲ್ ನಿಯಮಗಳನ್ನು ಬರೆಯದಿದ್ದರೆ ಅನೇಕ ರೂಟರ್‌ಗಳು ಈ ಜಾಲಗಳ ನಡುವಿನ ಸಂಚಾರವನ್ನು ತಾವೇ ಬಿಟ್ಟುಕೊಡುತ್ತವೆ, ಸ್ವಿಚ್‌ನಲ್ಲಿ ಪಟ್ಟ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಆದ್ದರಿಂದ ಐದನೆಯ ಪೋರ್ಟ್‌ಗೆ ಲ್ಯಾಪ್‌ಟಾಪ್ ಜೋಡಿಸಿ, ಸರಿಯಾದ ವಿಳಾಸ ಬಂದಿದೆಯೇ, ಕ್ಯಾಮೆರಾದ ಪುಟ ತೆರೆಯದಿದೆಯೇ ಎಂದು ಎರಡನ್ನೂ ಪರೀಕ್ಷಿಸಿ. ಎಲ್ಲವೂ ಸರಿಯಿದ್ದರೆ ಸಂರಚನೆಯನ್ನು ಸೇವ್ ಮಾಡಿ. ಅನೇಕ ಸ್ವಿಚ್‌ಗಳಲ್ಲಿ ಸೇವ್ ಮಾಡದ ಬದಲಾವಣೆಗಳು ವಿದ್ಯುತ್ ಹೋದೊಡನೆ ಅಳಿಸಿಹೋಗುತ್ತವೆ.