ಸುರಂಗದ ನೀರು ಅಳೆಯೋದಕ್ಕೆ ಹೊರಟ ನಮ್ಮ ಮಕ್ಳು

ಕಾಸರಗೋಡು ಜಿಲ್ಲೆಯ ಪೆರ್ಲ ಕಡೆ ಒಂದು ಕನ್ನಡ ಮೀಡಿಯಂ ಹೈಸ್ಕೂಲಲ್ಲಿ ನಾನು ಫಿಸಿಕ್ಸ್ ಟೀಚರ್. ಲಿಟ್ಲ್ ಕೈಟ್ಸ್ ನೋಡಿಕೊಳ್ಳೋದೂ ನಾನೇ. 2018ರಲ್ಲಿ ಕೇರಳದ ಶಾಲೆಗಳಲ್ಲಿ ಶುರುವಾದ ಐಟಿ ಕ್ಲಬ್ ಅದು, ಆಮೇಲೆ ಅದಕ್ಕೆ ಆರ್ಡುಯಿನೋ (ನಾವೇ ಪ್ರೋಗ್ರಾಮ್ ಹಾಕ್ಬಹುದಾದ ಸಣ್ಣ ಎಲೆಕ್ಟ್ರಾನಿಕ್ ಬೋರ್ಡ್) ಇರೋ ರೋಬೋಟಿಕ್ ಕಿಟ್ಟೂ ಬಂತು. ಮೊದಲನೇ ವರ್ಷ ಮಾಡ್ಯೂಲಲ್ಲಿ ಇದ್ದ ಹಾಗೇ ಮಾಡಿಸಿದೆ, ಎಲ್‌ಇಡಿ ಮಿನುಗಿಸೋದು, ಟ್ರಾಫಿಕ್ ಲೈಟು, ಬಜರ್. ಎಲ್ಲ ಸರಿಯಾಗಿಯೇ ಆಯ್ತು, ಆದ್ರೆ ಎರಡು ವಾರ ಕಳೆದು ಕೇಳಿದ್ರೆ ಯಾಕೆ ಹಾಗೆ ವಯರ್ ಹಾಕಿದ್ದು ಅಂತ ಒಬ್ಬರಿಗೂ ನೆನಪಿಲ್ಲ.

ಮತ್ತೆ ಒಂದು ಫೆಬ್ರವರಿಲಿ ಒಂಬತ್ತನೇ ಕ್ಲಾಸಿನ ಹುಡುಗ ಕೇಳಿದ, "ಟೀಚರ್, ನಮ್ಮ ಸುರಂಗದಲ್ಲಿ ನೀರು ಕಮ್ಮಿ ಆಯ್ತು ಅಂತಾರೆ ಅಜ್ಜ. ಎಷ್ಟು ಕಮ್ಮಿ ಅಂತ ಅಳೀಲಿಕ್ಕೆ ಆಗ್ತದಾ?" ನಮ್ಮ ಕಡೆ ಸುರಂಗ ಅಂದ್ರೆ ಗುಡ್ಡಕ್ಕೆ ಅಡ್ಡ ಕೊರೆದ ಬಾವಿ, ಮುರಕಲ್ಲಿನ ಒಳಗಿಂದ ಜಿನುಗಿ ಬರೋ ನೀರನ್ನ ಅಡಿಕೆ ಮರದ ದಂಬೇಲಿ, ಅಂದ್ರೆ ಮರ ಸೀಳಿ ಮಾಡಿದ ಕಾಲುವೇಲಿ, ತಂದು ಟಾಂಕಿಗೆ ಬಿಡೋದು. ಉತ್ತರ ನಂಗೆ ಗೊತ್ತಿರ್ಲಿಲ್ಲ, ಹಾಗಾಗಿ ಹೇಳ್ಲೂ ಇಲ್ಲ, ಕಿಟ್ ಹಿಡ್ಕೊಂಡು ಶನಿವಾರ ಅವನ ಮನೆಗೆ ಹೋದ್ವಿ.

ಅದಕ್ಕೆ ಮುಂಚೆ ಕ್ಲಾಸಲ್ಲಿ ಶಬ್ದ ಕಳಿಸಿ ದೂರ ಅಳೆಯೋ ಅಲ್ಟ್ರಾಸೋನಿಕ್ ಸೆನ್ಸರಿನ ಪ್ರೋಗ್ರಾಮನ್ನ ಮೊದ್ಲು ಕನ್ನಡದಲ್ಲೇ ಬೋರ್ಡಲ್ಲಿ ಬರೆದ್ವಿ: ಶಬ್ದ ಕಳಿಸು, ಕಾಯಿ, ತಿರುಗಿ ಬಂದ ಹೊತ್ತು ಮೈಕ್ರೋಸೆಕೆಂಡಲ್ಲಿ ನೋಡು, 0.034ರಿಂದ (ಒಂದು ಮೈಕ್ರೋಸೆಕೆಂಡಿಗೆ ಶಬ್ದ ಹೋಗೋ ಸೆಂಟಿಮೀಟರ್) ಗುಣಿಸು, ಎರಡರಿಂದ ಭಾಗಿಸು. ಯಾಕೆ ಎರಡು? ಒಂದು ಹುಡುಗಿಗೆ ಬಾಲ್ ಕೊಟ್ಟು ಗೋಡೆಗೆ ಹೊಡಿ ಅಂದೆ. ಮೂರು ಸಲ ಹೊಡೆದು ಹಿಡ್ಕೊಂಡು ನಿಂತ್ಲು, ಆಮೇಲೆ "ಹೋಗಿ ಬರೋದಲ್ವಾ ಟೀಚರ್, ನಮಗೆ ಬೇಕಾದ್ದು ಹೋಗೋದು ಮಾತ್ರ" ಅಂದ್ಲು. ಆ ಸೂತ್ರವನ್ನ ಯಾರಿಗೂ ನಾನು ಮತ್ತೆ ಹೇಳಿಕೊಡ್ಬೇಕಾಗ್ಲಿಲ್ಲ.

ಟಾಂಕಿ ಮೇಲೆ ಸೆನ್ಸರ್ ಕಟ್ಟಿದ್ರೆ 23 ಸೆಂಟಿಮೀಟರ್ ಅಂತಲೇ ತೋರಿಸ್ತಾ ಇತ್ತು, ನೀರು ನೋಡಿದ್ರೆ ಎಷ್ಟೋ ಕೆಳಗೆ ಉಂಟು. ಕೋಡ್ ತಪ್ಪು ಅಂತ ನಾನು ಅರ್ಧ ಗಂಟೆ ಲ್ಯಾಪ್‌ಟಾಪ್ ಮುಂದೆ ಕೂತೆ. ಅಷ್ಟರಲ್ಲಿ ಒಬ್ಬ ಸ್ಕೇಲ್ ಹಿಡಿದು ಸೆನ್ಸರಿಂದ ದಂಬೆಗೆ ಅಳೆದ, ಸರಿಯಾಗಿ 23! ಶಬ್ದ ದಂಬೆಗೆ ತಾಗಿ ವಾಪಸ್ ಬರ್ತಾ ಇತ್ತು. ಎದುರಿನ ಮೂಲೆಗೆ ಕಟ್ಟಿದ ಮೇಲೆ ಸರಿಯಾಯ್ತು.

ಆಗ ಅದೇ ಹುಡುಗಿ ಇನ್ನೊಂದು ಕೇಳಿದ್ಲು, ಮನೆಯವ್ರು ನೀರು ತೆಗೀತಾ ಇದ್ರೆ ಸುರಂಗ ಎಷ್ಟು ಕೊಡ್ತದೆ ಅಂತ ಗೊತ್ತಾಗೋದು ಹೇಗೆ? ನಂಗೆ ಹೊಳೆದಿರ್ಲಿಲ್ಲ ಅದು. ಅವ್ರೇ ಮಾತಾಡಿಕೊಂಡು ರಾತ್ರಿ 10ರಿಂದ ಬೆಳಿಗ್ಗೆ 5ರ ತನಕ ಟಾಂಕಿಯ ಪೈಪ್ ಮುಚ್ಚಿ ನೋಡೋದು ಅಂತ ಮಾಡಿದ್ರು, ಮನೆಯವ್ರೂ ಒಪ್ಪಿದ್ರು. ಟಾಂಕಿ 2 ಮೀಟರ್ ಉದ್ದ, ಒಂದೂವರೆ ಅಗಲ, ಅಂದ್ರೆ ನೀರು 1 ಸೆಂಟಿಮೀಟರ್ ಏರಿದ್ರೆ 30 ಲೀಟರ್. ಏರಿದ್ದು 14 ಸೆಂಟಿಮೀಟರ್. ಏಳು ಗಂಟೆಗೆ 420 ಲೀಟರ್, ನಿಮಿಷಕ್ಕೆ ಒಂದು ಲೀಟರ್. ನಂಬಿಕೆ ಬರ್ಲಿಲ್ಲ ಅವ್ರಿಗೆ, ದಂಬೆ ಬಾಯಿಗೆ 10 ಲೀಟರಿನ ಬಕೆಟ್ ಇಟ್ಟು ಮೊಬೈಲಲ್ಲಿ ಟೈಮ್ ನೋಡಿದ್ರು, ತುಂಬ್ಲಿಕ್ಕೆ ಹತ್ತು ನಿಮಿಷದ ಮೇಲೆ ಸ್ವಲ್ಪ ಹಿಡೀತು. ಆ ಬಕೆಟ್ ಸುತ್ತ ಕೂತಿದ್ದ ಮಕ್ಳ ಮುಖ ಈಗ್ಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು.

ಮೇ ವರೆಗೆ ವಾರಕ್ಕೊಂದು ಸಲ ಅಳೆದು ಕ್ಯಾಲ್ಕ್ ಅನ್ನೋ ಸ್ಪ್ರೆಡ್‌ಶೀಟಲ್ಲಿ ಗ್ರಾಫ್ ಮಾಡಿದ್ರು, ಗೆರೆ ಇಳೀತಾ ಹೋಯ್ತು, ಅಜ್ಜ ಹೇಳಿದ್ದು ಹೌದು. ಈಗ ಬೇರೆ ಪ್ರಶ್ನೆ ಬಂದಿದೆ, ಮಳೆ ಶುರುವಾಗಿ ಎಷ್ಟು ದಿನಕ್ಕೆ ಸುರಂಗದಲ್ಲಿ ನೀರು ಏರ್ತದೆ ಅಂತ. ಬಾಟ್ಲಿ ಕತ್ತರಿಸಿ ಮಳೆಮಾಪಕ ಮಾಡಿ ಅಂಗಳದಲ್ಲಿ ಇಟ್ಟಾಗಿದೆ. ಅಜ್ಜನ ಅಂದಾಜನ್ನ ಒಂದು ಚೀಟೀಲಿ ಬರೆಸ್ಕೊಂಡು ಕಿಟ್ಟಿನ ಡಬ್ಬಿ ಒಳಗೆ ಅಂಟಿಸಿದ್ದಾರೆ, ಮಳೆಗೆ ಕಾಯ್ತಾ ಇದ್ದಾರೆ.