ಎಣ್ಣೆ ನಾಡಿಗೆ ಬರುವ ಕಲಬುರಗಿಯವರಿಗೆ: ಊರಿಂದ ಆಪರೇಷನ್ ಫೋನ್ ಬಂದಾಗ

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಸೌದಿಯ ದಮ್ಮಾಮ್, ಖೋಬರ್, ಜುಬೈಲ್‌ಗೆ ಹೊಸದಾಗಿ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಕಾಮಾ (ಇಲ್ಲಿ ಇರಲು ಕೊಡುವ ಪರವಾನಗಿ ಕಾರ್ಡ್), ಸಿಮ್, ಬ್ಯಾಂಕ್ ಖಾತೆ ಎಲ್ಲಾ ರೂಮಿನವರು ಹೇಳಿಕೊಡುತ್ತಾರೆ. ಗಂಡಸರು ತಮ್ಮತಮ್ಮಲ್ಲಿ ಮಾತಾಡಲು ನಾಚುವ ಒಂದು ವಿಷಯ ಮಾತ್ರ ಉಳಿದುಬಿಡುತ್ತದೆ. ಊರಲ್ಲಿರುವ ಹೆಂಡತಿಯ ಗರ್ಭಚೀಲ, ಅಂಡಾಶಯ ತೆಗೆಸುವ ಆಪರೇಷನ್. ಅದಕ್ಕೆ ಬರುತ್ತೇನೆ.

ಇಲ್ಲಿ ಎಲ್ಲವೂ ಕಚ್ಚಾ ಎಣ್ಣೆಯ ಸುತ್ತ. 1938ರಲ್ಲಿ ಧಹ್ರಾನ್‌ನ 7ನೇ ಬಾವಿಯಲ್ಲಿ ಎಣ್ಣೆ ಸಿಕ್ಕ ಮೇಲೆ ಈ ಊರುಗಳು ಬೆಳೆದವು. ಘವಾರ್ ಎಣ್ಣೆಕ್ಷೇತ್ರದ ಉದ್ದವೇ ಸುಮಾರು 280 ಕಿ.ಮೀ., ಕಲಬುರಗಿಯಿಂದ ಹೈದರಾಬಾದ್‌ಗೆ ಇರುವ ದೂರಕ್ಕಿಂತ ಜಾಸ್ತಿ. ಅಲ್ಲಿಯ ಎಣ್ಣೆಯಿಂದ ಅಬ್ಕೈಕ್‌ನಲ್ಲಿ ಗ್ಯಾಸ್ ಬೇರೆ ಮಾಡುತ್ತಾರೆ, ರಾಸ್ ತನೂರಾದಲ್ಲಿ ಹಡಗಿಗೆ ತುಂಬುತ್ತಾರೆ. ನಮ್ಮವರಿಗೆ ಸಿಗುವುದು ಹೆಚ್ಚಾಗಿ ಕಾಂಟ್ರ್ಯಾಕ್ಟರ್ ಕೈಕೆಳಗಿನ ವೆಲ್ಡಿಂಗ್, ಸ್ಕ್ಯಾಫೋಲ್ಡಿಂಗ್, ಶಟ್‌ಡೌನ್ (ಪ್ಲಾಂಟ್ ನಿಲ್ಲಿಸಿ ಮಾಡುವ ರಿಪೇರಿ) ಕೆಲಸ. 2014ರಲ್ಲಿ ಎಣ್ಣೆ ಬೆಲೆ ಕುಸಿದ ಮೇಲೆ ಎಷ್ಟೋ ಪ್ರಾಜೆಕ್ಟ್ ನಿಂತವು, ಸಂಬಳ ತಿಂಗಳುಗಟ್ಟಲೆ ತಡವಾಯಿತು. ಕೆಲವು ತಿಂಗಳ ಮನೆ ಖರ್ಚು ಕೂಡಿಟ್ಟುಕೊಂಡೇ ಇರಿ. ಬಿಸಿಲು ನಮಗೆ ಹೊಸದಲ್ಲ, ಆದರೆ ಕಡಲ ಕಡೆಯ ಈ ಸೆಖೆ ಬೇರೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರವರೆಗೆ ಬಯಲಲ್ಲಿ ದುಡಿಸುವಂತಿಲ್ಲ. ಅದು ಕಾನೂನು.

ಹೆಂಡತಿ ಮಕ್ಕಳನ್ನು ಕರೆತಂದರೆ ಒಬ್ಬೊಬ್ಬರಿಗೂ ತಿಂಗಳಿಗೆ 400 ರಿಯಾಲ್ ಶುಲ್ಕ. ಈ ಶುಲ್ಕ 2017ರಲ್ಲಿ 100ರಿಂದ ಶುರುವಾಗಿ ವರ್ಷವರ್ಷ ಏರಿತು. ಹಾಗಾಗಿ ಎಷ್ಟೋ ಜನ ಸಂಸಾರವನ್ನು ಊರಲ್ಲೇ ಬಿಟ್ಟಿದ್ದಾರೆ. ಮನೆಯ ದೊಡ್ಡ ತೀರ್ಮಾನಗಳೆಲ್ಲ ಫೋನಿನಲ್ಲೇ ಆಗುತ್ತವೆ.

ಒಂದು ದಿನ ಫೋನ್ ಬರುತ್ತದೆ. "ಡಾಕ್ಟರ್ ಗರ್ಭಚೀಲ, ಅಂಡಾಶಯ ಎಲ್ಲಾ ತೆಗೆಸಬೇಕು ಅಂತಾರ, ಇಲ್ಲಾಂದ್ರ ಕ್ಯಾನ್ಸರ್ ಆಗ್ತದಂತ, ರೊಕ್ಕ ಕಳಿಸ್ರಿ." ದೂರದಲ್ಲಿರುವ ಗಂಡ ಹೆದರಿ ಸಾಲ ಮಾಡಿ ಕಳಿಸುತ್ತಾನೆ. ಹೀಗೆ ಕಳಿಸುವ ಮೊದಲು ಒಂದು ರಾತ್ರಿ ತಡೆಯಿರಿ. ನಮ್ಮ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ, ಹಳ್ಳಿಗಳಲ್ಲಿ ಬೇಕಿಲ್ಲದೆ ಗರ್ಭಚೀಲ ತೆಗೆದ ಸಂಗತಿ 2015ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಹೆಚ್ಚಿನವರು ಲಂಬಾಣಿ, ದಲಿತ ಹೆಣ್ಣುಮಕ್ಕಳು. ಹಲವರಿಗೆ 40 ಕೂಡ ಆಗಿರಲಿಲ್ಲ.

ಚಿತ್ತಾಪುರ ಕಡೆಯ ಒಬ್ಬ ತನ್ನ ಹೆಂಡತಿಯ ಸ್ಕ್ಯಾನಿಂಗ್ ರಿಪೋರ್ಟನ್ನು ನನಗೆ ತೋರಿಸಿದ. ಎಡ ಅಂಡಾಶಯದಲ್ಲಿ 4 ಸೆಂ.ಮೀ. ನೀರುಗುಳ್ಳೆ, ಒಳಗೆ ಬರೀ ನೀರು, ಗಟ್ಟಿ ಭಾಗ ಇಲ್ಲ ಎಂದು ಬರೆದಿತ್ತು. ಮುಟ್ಟಾಗುವ ವಯಸ್ಸಿನಲ್ಲಿ ಇಂಥ ಗುಳ್ಳೆ ಸಾಮಾನ್ಯ. ಎರಡು ಮೂರು ಮುಟ್ಟು ಕಳೆಯುವಷ್ಟರಲ್ಲಿ ಬಹಳಷ್ಟು ತಾನೇ ಕರಗುತ್ತವೆ. ಇನ್ನೊಬ್ಬ ಹೆಣ್ಣುಮಕ್ಕಳ ಡಾಕ್ಟರಿಗೆ ತೋರಿಸಿ ಎಂದೆ. ಅವರು ಕಾಯೋಣ ಎಂದರು. ಮುಂದಿನ ಸ್ಕ್ಯಾನಿಂಗ್‌ನಲ್ಲಿ ಗುಳ್ಳೆ ಇರಲಿಲ್ಲ.

ಅಂಡಾಶಯ ಬರೀ ಮಕ್ಕಳಾಗಲು ಮಾತ್ರ ಅಲ್ಲ. ಅದು ಕೊಡುವ ಈಸ್ಟ್ರೋಜನ್ ಎಲುಬನ್ನು ಗಟ್ಟಿ ಇಡುತ್ತದೆ, ಹೃದಯಕ್ಕೂ ಒಳ್ಳೆಯದು. ಒಂದು ಅಂಡಾಶಯ ಉಳಿದು, ಗರ್ಭಚೀಲವೂ ಇದ್ದರೆ ಮುಟ್ಟು ನಡೆಯುತ್ತದೆ, ಮಕ್ಕಳೂ ಆಗಬಹುದು. ಎರಡನ್ನೂ 45ರೊಳಗೆ ತೆಗೆದರೆ ಮುಟ್ಟು ನಿಲ್ಲುವ ಕಾಲ ಒಮ್ಮೆಲೇ ಬಂದುಬಿಡುತ್ತದೆ. ಮೈ ಬಿಸಿಯಾಗಿ ಬೆವರುವುದು, ನಿದ್ದೆಗೇಡು, ಎಲುಬು ಸವೆಯುವುದು, ಹೃದಯದ ತೊಂದರೆ ಜಾಸ್ತಿ. ಹೀಗೆ ಆಪರೇಷನ್ ಆಗಿ ನಡು ನೋವು ಎಂದು ಕೂತ ಮೂವತ್ತೈದರ ಹೆಣ್ಣುಮಗಳನ್ನು "ಹೊಲದ ಕೆಲಸಕ್ಕ ಮೈಗಳ್ಳಿ" ಎಂದು ಮನೆಯವರೇ ಬೈಯುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ನಿಜವಾಗಿ ತೆಗೆಯಲೇಬೇಕಾದ ಸಂದರ್ಭಗಳೂ ಇವೆ. ಕ್ಯಾನ್ಸರ್ ಇದ್ದರೆ, ಬಲವಾದ ಅನುಮಾನ ಇದ್ದರೆ, ಸ್ತನ, ಅಂಡಾಶಯದ ಕ್ಯಾನ್ಸರ್ ಅಪಾಯ ಹೆಚ್ಚಿಸುವ ಬಿಆರ್‌ಸಿಎ ಜೀನ್ ದೋಷ ಅವಳದೇ ಪರೀಕ್ಷೆಯಲ್ಲಿ ಕಂಡಿದ್ದರೆ ಡಾಕ್ಟರ್ ಮಾತು ಕೇಳಿ. ಅಂಡಾಶಯದ ಕ್ಯಾನ್ಸರ್ ಅನುಮಾನಕ್ಕೆ ಮಾಡುವ ಸಿಎ-125 ರಕ್ತಪರೀಕ್ಷೆ ಒಂದೇ ಏರಿದೆ ಎಂದು ಮಾತ್ರ ಗಾಬರಿ ಬೇಡ, ಮುಟ್ಟಿನ ದಿನಗಳಲ್ಲೂ ಅದು ಏರಬಹುದು. ಗುಳ್ಳೆ ಮಾತ್ರ ತೆಗೆದು ಅಂಡಾಶಯ ಉಳಿಸಲು ಆಗುತ್ತದಾ ಎಂದು ಕೇಳಿ. ಬಿಳಿ ಮುಟ್ಟಿಗೆ, ಸುಮ್ನೆ ಹೊಟ್ಟೆನೋವಿಗೆ ಮೊದಲು ಔಷಧಿ ಆಗಲಿ. ಎರಡನೇ ಅಭಿಪ್ರಾಯಕ್ಕೆ ಸರ್ಕಾರಿ ದೊಡ್ಡಾಸ್ಪತ್ರೆಗಳಿವೆ, ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್. ಕ್ಯಾನ್ಸರ್ ಭಯಕ್ಕೆ ಕಲಬುರಗಿಯಲ್ಲೇ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಶಾಖೆ ಇದೆ. ಎಲ್ಲಕ್ಕಿಂತ ಮೊದಲು ಹೆಂಡತಿಯ ಜೊತೆ ನೀವೇ ಮಾತಾಡಿ, ಅಣ್ಣನ ಜೊತೆ ಅಲ್ಲ. ಮೈ ಅವಳದು.

ಹೆಂಡತಿ ಇಲ್ಲೇ ನಿಮ್ಮ ಇಕಾಮಾ ಮೇಲೆ ಇದ್ದರೆ ಇನ್ಶೂರೆನ್ಸ್ ಇರುತ್ತದೆ. ತುರ್ತಲ್ಲದ ಆಪರೇಷನ್‌ಗೆ ಮೊದಲೇ ಅಪ್ರೂವಲ್ ಆಗಿದೆಯೇ ನೋಡಿಕೊಳ್ಳಿ.

ಆಪರೇಷನ್ ಆದರೆ ಡಿಸ್‌ಚಾರ್ಜ್ ಕಾಗದ, ಬಯಾಪ್ಸಿ ರಿಪೋರ್ಟ್ ಎರಡರ ಫೋಟೋ ತರಿಸಿಕೊಳ್ಳಿ. ದುರ್ಬೀನಿನಲ್ಲಿ (ಲ್ಯಾಪರೋಸ್ಕೋಪಿ) ಗುಳ್ಳೆ ಅಥವಾ ಅಂಡಾಶಯ ಮಾತ್ರ ತೆಗೆದಿದ್ದರೆ ಎರಡು ಮೂರು ವಾರ, ಗರ್ಭಚೀಲ ತೆಗೆದಿದ್ದರೆ ಇಲ್ಲವೇ ಹೊಟ್ಟೆ ಕೊಯ್ದಿದ್ದರೆ ಆರು ವಾರ ಕೊಡ ಎತ್ತಿಸಬೇಡಿ. ಎರಡೂ ಅಂಡಾಶಯ ಹೋಗಿದ್ದರೆ ಹಾರ್ಮೋನ್ ಮಾತ್ರೆ ಬೇಕಾ ಎಂದು ಡಾಕ್ಟರನ್ನು ಕೇಳಲೇಬೇಕು.

ಕಾಯಬಾರದ ಸಂದರ್ಭವೂ ಒಂದಿದೆ. ಕೆಳಹೊಟ್ಟೆಯ ಒಂದು ಕಡೆ ಒಮ್ಮೆಲೇ ತಡೆಯಲಾರದ ನೋವು, ಜೊತೆಗೆ ವಾಂತಿ ಆದರೆ ಅಂಡಾಶಯ ತಿರುಚಿಕೊಂಡಿರಬಹುದು. ತಾಸುಗಳಲ್ಲೇ ಆಪರೇಷನ್ ಆದರೆ ಅದನ್ನು ಉಳಿಸಬಹುದು. ಆಗ ಎರಡನೇ ಅಭಿಪ್ರಾಯ ಕೇಳುತ್ತಾ ಕೂರಬೇಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಕೂಡಲೇ ಒಯ್ಯಲು ಹೇಳಿ, ಹಣ ಆ ಗಳಿಗೆಯಲ್ಲೇ ಕಳಿಸಿ.