ಮುಗಿಯದ ಡಿಎಚ್ ಫೈಲ್: ಕೊನೆಗೆ ಕೆಲಸ ಮಾಡಿದ ದಾರಿ

ಸೋಮವಾರಪೇಟೆ ಹತ್ತಿರದ ನಮ್ಮ ತೋಟದ ಮನೆಯಲ್ಲಿ ಹಳೇ ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಮೇಲೆ ಓಪನ್‌ವಿಪಿಎನ್ (ಇಂಟರ್ನೆಟ್ ಮೂಲಕ ಸುರಕ್ಷಿತ ಖಾಸಗಿ ಸಂಪರ್ಕ ಕೊಡೋ ಸಾಫ್ಟ್‌ವೇರ್) ಹಾಕುತ್ತಿದ್ದೆ. ಅದಕ್ಕೆ ಡಿಎಚ್ (ಡಿಫಿ-ಹೆಲ್ಮನ್) ಫೈಲ್ ಬೇಕು, ಎರಡೂ ಕಡೆಯವರು ಗುಪ್ತ ಕೀಲಿ ಒಪ್ಪಿಕೊಳ್ಳಲು ಬಳಸೋ ದೊಡ್ಡ ಅವಿಭಾಜ್ಯ ಸಂಖ್ಯೆ ಅದರಲ್ಲಿರುತ್ತದೆ. 4096 ಬಿಟ್‌ನ ಆ ಫೈಲ್ ತಯಾರಿಸೋ ಕಮಾಂಡ್ ಕೊಟ್ಟರೆ ಸ್ಕ್ರೀನ್ ತುಂಬ ಚುಕ್ಕಿ ಬೀಳುತ್ತಲೇ ಇರುತ್ತಿತ್ತು, ಅಷ್ಟರಲ್ಲಿ ಮಳೆ ಜೋರಾಗಿ ಕರೆಂಟ್ ಹೋಗುತ್ತಿತ್ತು, ಮತ್ತೆ ಮೊದಲಿಂದ. ಜುಲೈಯಲ್ಲಿ ಕೊಡಗಿನಲ್ಲಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರಾತ್ರಿಯಿಡೀ ಬಿಟ್ಟೆ, ಆಗಲಿಲ್ಲ. ರ‍್ಯಾಂಡಮ್ ಬಿಟ್‌ ಒದಗಿಸೋ ಹ್ಯಾವ್ಜೆಡ್ ಪ್ರೋಗ್ರಾಂ ಹಾಕಿದೆ, ಅದೂ ದಂಡ, ಯಾಕಂದ್ರೆ ಕೊರತೆ ಇದ್ದದ್ದು ರ‍್ಯಾಂಡಮ್ ಬಿಟ್‌ಗಳದ್ದಲ್ಲ. ಇಲ್ಲಿ ಬೇಕಿರುವುದು ಸೇಫ್ ಪ್ರೈಮ್. ಅಂದ್ರೆ ಸಂಖ್ಯೆಯೂ ಅವಿಭಾಜ್ಯ, ಅದರಿಂದ 1 ಕಳೆದು ಅರ್ಧ ಮಾಡಿದರೆ ಬರುವುದೂ ಅವಿಭಾಜ್ಯ, 23 ಮತ್ತು 11ರ ಹಾಗೆ. 4096 ಬಿಟ್ ಗಾತ್ರದಲ್ಲಿ ಸಾದಾ ಅವಿಭಾಜ್ಯವೇ ಸುಮಾರು 2,800 ಸಂಖ್ಯೆಗೆ ಒಂದು, ಇನ್ನು ಎರಡೂ ಒಟ್ಟಿಗೆ ಸಿಗೋದು ಎಷ್ಟು ಅಪರೂಪ ಅಂತ ನೀವೇ ಲೆಕ್ಕ ಹಾಕಿ. ಅದೇ ಕಮಾಂಡ್‌ನ ಡಿಎಸ್‌ಎಪ್ಯಾರಾಮ್ ಆಯ್ಕೆ ಬೇಗ ಮುಗಿಯುತ್ತದೆ, ಆದ್ರೆ ಅದು ಸೇಫ್ ಪ್ರೈಮ್ ಕೊಡಲ್ಲ, ಬಿಟ್ಟೆ.

ಈ ಸಂಖ್ಯೆ ಗುಟ್ಟೇನಲ್ಲ, ಹಾಗಾಗಿ ನಾವೇ ಹುಡುಕಬೇಕಿಲ್ಲ. 2016ರ ಆರ್‌ಎಫ್‌ಸಿ 7919 ಅನ್ನೋ ಇಂಟರ್ನೆಟ್ ಮಾನದಂಡ ದಾಖಲೆಯಲ್ಲಿ ಸಿದ್ಧ ಸೇಫ್ ಪ್ರೈಮ್‌ಗಳಿವೆ. ಈ ಫೈಲ್ ತಯಾರಿಸೋ ಎನ್‌ಕ್ರಿಪ್ಶನ್ ಟೂಲ್ ಓಪನ್‌ಎಸ್‌ಎಸ್‌ಎಲ್ 3ರಲ್ಲಿ ಜೆನ್‌ಪಿಕೀ ಕಮಾಂಡ್‌ಗೆ ಮೊದಲು ಜೆನ್‌ಪ್ಯಾರಾಮ್, ಆಮೇಲೆ ಅಲ್ಗಾರಿದಮ್ ಡಿಎಚ್, ಪಿಕೀಆಪ್ಟ್‌ನಲ್ಲಿ ಗ್ರೂಪ್ ಎಫ್‌ಎಫ್‌ಡಿಎಚ್‌ಇ3072 (3072 ಬಿಟ್‌ನ ಸಿದ್ಧ ಸಂಖ್ಯೆಯ ಹೆಸರು), ಕೊನೆಗೆ ಔಟ್ ಅಂತ ಬರೆದು ಫೈಲ್ ಹೆಸರು. ನನಗೆ 3072 ಸಾಕಿತ್ತು, 4096 ಕೂಡ ಇದೆ. ಹುಡುಕಾಟವೇ ಇಲ್ಲದ್ದರಿಂದ ತಕ್ಷಣ ಮುಗಿಯಿತು. ಸರ್ವರ್ ಕಾನ್ಫಿಗ್‌ನ ಡಿಎಚ್ ಸಾಲಿನಲ್ಲಿ ಹಳೇ ಪಾತ್ ಅಳಿಸಿ ಹೊಸದು ಹಾಕಿ, ಸರ್ವಿಸ್ ರೀಸ್ಟಾರ್ಟ್ ಮಾಡಿ. ಎಲ್ಲರೂ ಹಂಚಿಕೊಳ್ಳುವ 1024 ಬಿಟ್‌ನ ಹಳೇ ಗ್ರೂಪ್ ಮಾತ್ರ ಬೇಡವೇ ಬೇಡ, 2015ರ ಲಾಗ್‌ಜಾಮ್ ದಾಳಿಯ ಸಂಶೋಧನೆ ಬಯಲು ಮಾಡಿದ್ದು ಅದರ ದೌರ್ಬಲ್ಯವನ್ನೇ.